ಅಡ್ಡಿ ಇಲ್ಲ ಅನ್ನುವ ಊರಿನಲ್ಲಿ

ಆ ದಿನವೂ ನನಗೆ ಎಚ್ಚರವಾದದ್ದು ಹಿತ್ತಲ ಗೋಡೆಯಾಚೆಯ ಮಗ್ಗಗಳ ಸದ್ದಿಗೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅಲಾರಂ ಇಟ್ಟು ಮಲಗುವವರು ಕಡಿಮೆ. ಪಕ್ಕದ ಮನೆಯವರು ತಮ್ಮ ಮೂರು ಪಾವರ್‌ಲೂಮ್ ಚಾಲೂ ಮಾಡಿದರೆಂದರೆ ಹಾಲಿನವನು ಬರುವ ಹೊತ್ತಾಯಿತು ಎಂದರ್ಥ. ಎದ್ದು ಅಂಗಳ ಗುಡಿಸಿ, ನೀರು ಹೊಡೆದು, ಎರಡೆಳೆ ರಂಗೋಲಿ ಬಿಡಿಸಿ ಚಹಾಕ್ಕೆ ಇಟ್ಟೆ. ಅತ್ತೆ ಆಗಲೇ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಹಿಂದಿನ ದಿನ ಮಾಡಿದ ಶಾವಿಗೆಯನ್ನು ಹರಡುತ್ತಿದ್ದರು. ಯಜಮಾನರು ಅಂಗಡಿಯ ಬೀಗದ ಕೈ ಹುಡುಕುತ್ತಿದ್ದರು. ಅದು ಅವರ ಅಂಗಿಯ ಜೇಬಿನಲ್ಲೇ ಇರುತ್ತದೆ. ಆದರೂ ದಿನಾ ಹುಡುಕುತ್ತಾರೆ.

ಎಂದಿನಂತೆ ಇಲ್ಲದಿದ್ದದ್ದು ಒಂದೇ. ರಜೆಯಲ್ಲಿ ಬಿಸಿಲು ಕಾಲಿಗೆ ತಾಗುವವರೆಗೆ ಮಲಗುವ ನನ್ನ ಮಗಳು ಆಗಲೇ ತಲೆ ಬಾಚಿಕೊಂಡು, ಓಢಣಿಗೂ ಇಸ್ತ್ರಿ ಮಾಡಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು. ಜಡೆಯ ತುದಿ ಬಾಯಲ್ಲಿತ್ತು. ಪರೀಕ್ಷೆಯ ದಿನಗಳಲ್ಲಿಯೂ ನಾನು ಅವಳನ್ನು ಹಾಗೆ ನೋಡಿರಲಿಲ್ಲ.

ಜಮಖಂಡಿಯ ಕಾಲೇಜಿಗೆ ಎರಡು ವರ್ಷ ಬಸ್ಸಿನಲ್ಲಿ ಓಡಾಡಿ, ಇಡೀ ಕಾಲೇಜಿಗೆ ಮೊದಲು ಬಂದಿದ್ದಳು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಸೀಟು ಹೆಚ್ಚುಕಡಿಮೆ ಕೈಯಲ್ಲೇ ಇತ್ತು. ಅಷ್ಟರಲ್ಲಿ ಅವಳ ಗಣಿತದ ಮೇಷ್ಟ್ರು, ದೂರದ ಉತ್ತರದಲ್ಲಿ ಒಂದು ಯುನಿವರ್ಸಿಟಿ ಇದೆ, ಅಲ್ಲಿ ಗಣಿತವನ್ನೇ ಓದಬಹುದು, ದೇಶಕ್ಕೆಲ್ಲ ಸೇರಿ ಬೆರಳೆಣಿಕೆಯಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ, ಅರ್ಜಿ ಹಾಕಲಿ ಎಂದು ಹೇಳಿ ಕಳಿಸಿದ್ದರು. ಅರ್ಜಿಗೆ ಅದೇ ಕೊನೆಯ ದಿನ.

ಹಾಕಬೇಕೋ ಬೇಡವೋ ಎಂಬುದರ ಬಗ್ಗೆ ನಮ್ಮ ನೆಂಟರೆಲ್ಲ ಆಗಲೇ ತೀರ್ಪು ಕೊಟ್ಟಿದ್ದರು. ಮುಧೋಳದ ಭಾವನವರು, ಅಷ್ಟು ದೂರ ಹೋಗಿ ಲೆಕ್ಕ ಕಲಿಯುವುದೇನಿದೆ, ಲೆಕ್ಕ ಎಲ್ಲ ಕಡೆಯೂ ಒಂದೇ ಅಲ್ಲವೇ ಎಂದರು. ಬೀಳಗಿಯ ನಾದಿನಿ ದೇವರಲ್ಲಿ ಹೂ ಕೇಳಿದಳು. ಹೂ ಬಲಕ್ಕೇ ಬಿತ್ತು. ನಾವೆಲ್ಲ ಹಿಗ್ಗಿದೆವು. ಅವಳು ಕೇಳಿದ್ದು ಎಂಜಿನಿಯರಿಂಗ್ ಸೀಟಿನ ಬಗ್ಗೆ ಎಂದು ಆಮೇಲೆ ಗೊತ್ತಾಯಿತು. ಯಜಮಾನರಿಗೆ ಮಗಳನ್ನು ತಡೆಯುವ ಮನಸ್ಸಿರಲಿಲ್ಲ, ತಿಳಿಯದ ದಾರಿಗೆ ನೂಕುವ ಧೈರ್ಯವೂ ಇರಲಿಲ್ಲ. ನಮ್ಮಿಂದ ಸೀರೆ ಕೊಳ್ಳುವ ಬೆಂಗಳೂರಿನ ವ್ಯಾಪಾರಿಯೊಬ್ಬರ ಮಗಳು ಇದೇ ಕೆಲಸ ಮಾಡುತ್ತಾರೆ. ಯಾವ ಮಗುವಿಗೆ ಎಲ್ಲಿ ಸೀಟು ಸಿಗುವಂತಿದೆ ಎಂದು ಅಳೆದು ಹೇಳುತ್ತಾರೆ. ಆ ಮೇಡಂ ಇವಳ ಜೊತೆ ವಿಡಿಯೋದಲ್ಲಿ ಮಾತಾಡಲಿ, ಅವರು ಏನು ಹೇಳುತ್ತಾರೋ ಹಾಗೆ ಮಾಡೋಣ ಎಂದು ಯಜಮಾನರು ಗೊತ್ತು ಮಾಡಿದ್ದರು.

ಮಗಳನ್ನೇ ಕೇಳಿದರಾಗದೇ ಎನ್ನಬಹುದು. ಕೇಳಿದ್ದೆವು. ಅವಳು ಹೇಳಿದ್ದು, ‘ಅಡ್ಡಿ ಇಲ್ಲ.’

ಈ ಎರಡು ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ತವರು ದೊಡ್ಡಬಳ್ಳಾಪುರ. ಅಲ್ಲೂ ಮನೆ ಮನೆಗೆ ಮಗ್ಗವೇ. ಆದರೆ ನಾನು ಓದಿದ್ದು ಕಾನ್ವೆಂಟಿನಲ್ಲಿ. ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಪೂರ್ತಿ ವಾಕ್ಯದಲ್ಲಿ, ಎದುರಿನವರ ಮುಖ ನೋಡಿ ಹೇಳಬೇಕು ಎಂದು ಸಿಸ್ಟರುಗಳು ಕಲಿಸಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಹಬ್ಬಕ್ಕೆ ನಾನೊಬ್ಬಳೇ ನಿಂತು ಹೋಳಿಗೆ ಮಾಡಿದೆ. ಒಂದೂ ಹರಿದಿರಲಿಲ್ಲ. ಅತ್ತೆ ಎರಡು ತಿಂದು, ಮೂರನೆಯದಕ್ಕೆ ತುಪ್ಪ ಹಾಕಿಸಿಕೊಂಡು, ‘ಅಡ್ಡಿ ಇಲ್ಲ’ ಎಂದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನಮ್ಮ ಕಡೆ ಅಡ್ಡಿ ಇಲ್ಲ ಎಂದರೆ ಅಭ್ಯಂತರವಿಲ್ಲ, ಹೇಗೋ ನಡೆಯುತ್ತದೆ ಎಂದೇ ಅರ್ಥ. ಯಜಮಾನರು ಗಾಬರಿಯಾಗಿ ಬಂದು ಕೇಳಿ, ಕಾರಣ ತಿಳಿದು ನಕ್ಕರು. ನಮ್ಮವ್ವನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಇವತ್ತಿನವರೆಗೆ ಬಂದಿಲ್ಲ ಎಂದರು. ಅದು ನಿಜವಾಗಿತ್ತು. ಇಲ್ಲಿ ಯಾರೂ ಬಾಯ್ತುಂಬ ಹೊಗಳುವುದಿಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆ. ಇನ್ನು ತನ್ನನ್ನು ತಾನೇ ಹೊಗಳಿಕೊಂಡರಂತೂ ಓಣಿಗೆಲ್ಲ ಅದೇ ಸುದ್ದಿ. ಮಳೆ ಚೆನ್ನಾಗಿ ಬಂದರೂ ಅಡ್ಡಿ ಇಲ್ಲ, ಮದುಮಗಳು ಅಪ್ಸರೆಯಂತಿದ್ದರೂ ಅಡ್ಡಿ ಇಲ್ಲ. ಎಷ್ಟು ಅಡ್ಡಿ ಇಲ್ಲ ಎಂಬುದನ್ನು ದನಿಯಲ್ಲೇ ತಿಳಿಯಬೇಕು. ನನಗೆ ಅದು ತಿಳಿಯಲು ವರ್ಷಗಳೇ ಬೇಕಾದವು. ಮಗಳು ಮಾತ್ರ ಈ ಮಣ್ಣಿನಲ್ಲೇ ಹುಟ್ಟಿದವಳು.

ನಾಷ್ಟಾಕ್ಕೆ ಮಂಡಕ್ಕಿಯ ಸೂಸಲಾ ತಿಂದು, ಪಾತ್ರೆ ತೊಳೆದಿಟ್ಟ ಮೇಲೆ ಮೇಡಂ ಅವರ ಕರೆ ಬಂತು. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಮೇಜಿನ ಮೇಲಿಟ್ಟೆವು. ಮಗಳು ಎದುರಿಗೆ, ನಾನೂ ಯಜಮಾನರೂ ಪಕ್ಕಕ್ಕೆ, ಅತ್ತೆ ಬಾಗಿಲಲ್ಲಿ. ಮೇಡಂ ಚಿಕ್ಕ ವಯಸ್ಸಿನವರು, ನಗುಮುಖ. ಅಂಕಗಳನ್ನು ನೋಡಿ ಸಂತೋಷಪಟ್ಟರು. ಇಂಥ ಅಂಕದವರು ಅಲ್ಲಿಗೆ ತುಂಬಾ ಜನ ಬರುತ್ತಾರೆ, ಹಾಗಾಗಿ ಹುಡುಗಿಗೆ ಆ ವಿಷಯದ ಮೇಲೆ ಎಷ್ಟು ಆಸೆ ಇದೆ ಎಂಬುದನ್ನೇ ನೋಡುತ್ತಾರೆ ಎಂದು ವಿವರಿಸಿದರು. ಆಮೇಲೆ ಇವಳನ್ನು ಕೇಳಿದರು.

‘ಮ್ಯಾಥ್ಸ್ ಅಂದ್ರೆ ಇಷ್ಟಾನಾ?’

‘ಅಡ್ಡಿ ಇಲ್ರಿ.’

‘ಈ ಯುನಿವರ್ಸಿಟಿಗೆ ಹೋಗೋಕೆ?’

‘ಅದೂ ಅಡ್ಡಿ ಇಲ್ರಿ.’

ಮೇಡಂ ಏನನ್ನೋ ಬರೆದುಕೊಂಡರು. ಕಾಲೇಜು ಹೇಗಿತ್ತು, ಪಾಠ ಹೇಗಿತ್ತು ಎಂದು ಇನ್ನೂ ಕೆಲವು ಕೇಳಿದರು. ಅದೇ ಉತ್ತರ. ಬಾಗಿಲಲ್ಲಿ ಅತ್ತೆ ಮೆಚ್ಚಿಗೆಯಿಂದ ತಲೆಯಾಡಿಸುತ್ತಿದ್ದರು. ಮೊಮ್ಮಗಳು ಎಷ್ಟು ಮರ್ಯಾದೆಯಿಂದ ಮಾತಾಡುತ್ತಿದ್ದಾಳೆ ಎಂದು. ಕೊನೆಗೆ ಮೇಡಂ ಯಜಮಾನರನ್ನು ಕರೆದು, ತುಂಬಾ ಮೆದುವಾಗಿ, ಮಗು ಜಾಣೆ, ಆದರೆ ಮನಸ್ಸು ಇದ್ದಂತಿಲ್ಲ, ಒತ್ತಾಯ ಮಾಡಬೇಡಿ, ಬಾಗಲಕೋಟೆಯೇ ಸಾಕು ಎಂದರು. ಯಜಮಾನರು, ಆಯಿತು ಎನ್ನುವವರಂತೆ ಕತ್ತು ಬಗ್ಗಿಸಿದರು. ಮಗಳು ಇಸ್ತ್ರಿ ಮಾಡಿದ ಓಢಣಿಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಡಿಸುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು.

ನಾನು ಸಾಮಾನ್ಯವಾಗಿ ಇಂಥ ಕಡೆ ಬಾಯಿ ಹಾಕುವವಳಲ್ಲ. ಆದರೆ ಆ ಬೆರಳು ನೋಡಿ ಫೋನಿನ ಮುಂದೆ ಬಾಗಿದೆ. ‘ಮೇಡಂ, ನಾನು ದೊಡ್ಡಬಳ್ಳಾಪುರದವಳು. ನೀವು ಕೇಳಿಸಿಕೊಂಡಿದ್ದು ನಮ್ಮ ಕಡೆಯ ಅಡ್ಡಿ ಇಲ್ಲ. ಇವಳು ಹೇಳಿದ್ದು ಈ ಊರಿನದು’ ಎಂದೆ. ಹೋಳಿಗೆಯ ಕಥೆಯನ್ನೂ ಹೇಳಿದೆ. ಅತ್ತೆ ಬಾಗಿಲಿಂದ, ‘ಹೌದ್ರಿ, ಹೋಳಿಗಿ ಅಡ್ಡಿ ಇದ್ದಿದ್ದಿಲ್ಲ’ ಎಂದು ಸಾಕ್ಷಿ ನುಡಿದರು.

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. ಬಹಳ ಹೊತ್ತು ನಕ್ಕರು. ಆಮೇಲೆ ಪ್ರಶ್ನೆಯನ್ನೇ ಬದಲಿಸಿದರು. ಇಷ್ಟವೋ ಅಲ್ಲವೋ ಬೇಡ. ನಿನಗೆ ಈಗ ತಿಳಿಯದೇ ತಲೆ ತಿನ್ನುತ್ತಿರುವ ಲೆಕ್ಕ ಯಾವುದಾದರೂ ಇದ್ದರೆ ಹೇಳು ಎಂದರು.

ಮಗಳು ಎದ್ದು ಫೋನನ್ನು ಕೈಗೆತ್ತಿಕೊಂಡು ಹಿತ್ತಲಿಗೆ ಹೋಗಿ ಗೋಡೆಗೆ ಹಿಡಿದಳು. ನಾವೆಲ್ಲ ಹಿಂದೆ ಹೋದೆವು. ‘ಕೇಳಾಕತ್ತೈತೇನ್ರಿ?’ ಎಂದಳು. ಚಿಕ್ಕವಳಿದ್ದಾಗ ಅಲ್ಲಿ ಎರಡೇ ಮಗ್ಗ ಇದ್ದವಂತೆ, ಒಂದು ಜೋರು, ಒಂದು ನಿಧಾನ. ಎರಡರ ಬಡಿತ ದೂರ ದೂರ ಸರಿದು, ಮತ್ತೆ ಹತ್ತಿರ ಬಂದು, ಒಮ್ಮೆ ಮಾತ್ರ ಒಟ್ಟಿಗೆ ಬೀಳುತ್ತಿತ್ತು. ಆಗ ಯಾರೋ ಬಾಗಿಲು ತಟ್ಟಿದ ಹಾಗೆ ಆಗುತ್ತಿತ್ತು. ಅವಳು ಹಾಸಿಗೆಯಲ್ಲಿ ಮಲಗಿಯೇ ಎಣಿಸುತ್ತಿದ್ದಳು. ಎಷ್ಟು ಬಡಿತಕ್ಕೊಮ್ಮೆ ಕೂಡುತ್ತವೆ ಎಂದು ಗೊತ್ತಾದರೆ ಯಾವುದು ಇನ್ನೊಂದಕ್ಕಿಂತ ಎಷ್ಟು ಜೋರು ಎಂಬುದು ಮಗ್ಗ ನೋಡದೆಯೇ ಗೊತ್ತಾಗುತ್ತದಂತೆ. ಹದಿನೇಳು ವರ್ಷ ಒಂದೇ ಸೂರಿನಡಿ ಇದ್ದು ನನಗಿದು ತಿಳಿದಿರಲಿಲ್ಲ. ಅವಳ ಕೈ ಗಾಳಿಯಲ್ಲಿ ಬಡಿಯುತ್ತಿತ್ತು, ಮಾತು ಮಾತಿನ ಮೇಲೆ ಬೀಳುತ್ತಿತ್ತು.

‘ಎರಡರದು ಲೆಕ್ಕ ಸಿಕ್ಕೈತ್ರಿ. ಹ್ವಾದ ವರ್ಸ ಮೂರನೇ ಮಗ್ಗ ತಂದ್ರು. ಮೂರೂ ಕೂಡಿ ಒಮ್ಮೆ ಹೊಡಿತಾವೋ, ಎಂದೂ ಕೂಡೂದ ಇಲ್ಲೋ, ನನಗ ತಿಳೀವಲ್ದು. ಪುಸ್ತಕದಾಗ ಹುಡುಕಿದ್ರ ಅದು ದೊಡ್ಡ ಗಣಿತ, ಮುಂದ ಐತಿ ಅಂತಾರ. ಅಲ್ಲಿಗೆ ಹ್ವಾದ್ರ ತಿಳೀತೈತಿ ಅಂತ ನನಗ ಅನಸ್ತೈತ್ರಿ.’

ಅಷ್ಟು ಹೇಳಿ, ಹೆಚ್ಚು ಮಾತಾಡಿಬಿಟ್ಟೆನೇನೋ ಎಂಬಂತೆ ಅಜ್ಜಿಯ ಮುಖ ನೋಡಿದಳು.

ಮೇಡಂ ಈ ಸಲ ಏನನ್ನೂ ಬರೆದುಕೊಂಡಿರಲಿಲ್ಲ. ಯಜಮಾನರು ಗಂಟಲು ಸರಿ ಮಾಡಿಕೊಂಡು, ಹಂಗಾದರೆ ಚಾನ್ಸ್ ಹೇಗಿದೆ ಎಂದು ಕೇಳಿದರು. ಮೇಡಂ ಸುಳ್ಳು ಭರವಸೆ ಕೊಡಲಿಲ್ಲ. ಸಿಗುವವರಿಗಿಂತ ಸಿಗದವರೇ ಹೆಚ್ಚು, ಅವರಲ್ಲೂ ಬಹಳ ಜಾಣರಿರುತ್ತಾರೆ, ಬಾಗಲಕೋಟೆಯ ಸೀಟನ್ನು ಬಿಡಬೇಡಿ ಎಂದರು. ‘ಆದ್ರೆ ಇವಳು ಅಪ್ಲೈ ಮಾಡದೇ ಇದ್ರೆ ನಂಗೆ ಬೇಜಾರಾಗುತ್ತೆ. ಇಂಟರ್‌ವ್ಯೂಗೆ ಕರೆದರೆ ಈಗ ಹೇಳಿದ ಹಾಗೇ ಹೇಳಲಿ. ಅಲ್ಲಿ ಅಮ್ಮ ಪಕ್ಕದಲ್ಲಿ ಇರಲ್ಲ, ಅದಕ್ಕೆ ಆ ಎರಡು ಮಾತು ಮಾತ್ರ ಮನೇಲೇ ಬಿಟ್ಟು ಹೋಗಲಿ.’

ಕರೆ ಮುಗಿದ ಮೇಲೆ ಅತ್ತೆಗೆ ಅದೇ ಚಿಂತೆಯಾಯಿತು. ‘ಅಡ್ಡಿ ಇಲ್ಲ ಅನಬಾರದಂದ್ರ ಮತ್ತೇನ ಅನಬೇಕಂತ? ನಾ ಭಾಳ ಶ್ಯಾಣ್ಯಾಕಿ ಅದೀನ್ರಿ ಅನಬೇಕೇನ?’ ಮಗಳು ಮೊದಲ ಸಲ ನಕ್ಕಳು. ಯಜಮಾನರು ಅಂಗಡಿಗೆ ಹೋಗಲಿಲ್ಲ. ಊಟ ಮುಗಿಸಿ ಅಪ್ಪ ಮಗಳು ಇಬ್ಬರೂ ಕುಳಿತು ಅರ್ಜಿ ತುಂಬಿದರು. ಕಳಿಸುವ ಗುಂಡಿ ಒತ್ತುವ ಮೊದಲು ಯಜಮಾನರು, ‘ಒತ್ತಲೇನವಾ?’ ಎಂದು ಕೇಳಿದರು. ಅವಳು ಅಡ್ಡಿ ಇಲ್ಲ ಎನ್ನಲು ಬಾಯಿ ತೆರೆದು, ತಡೆದು, ‘ಒತ್ತ್ರಿ ಅಪ್ಪಾ, ನನಗ ಹೋಗಬೇಕ ಐತಿ’ ಎಂದಳು. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು ಆಮೇಲೆ ಒತ್ತಿದರು.

ಸಂಜೆ ಬಿಸಿಲು ಇಳಿದ ಮೇಲೆ ಶಾವಿಗೆ ತೆಗೆಯಲು ಮಾಳಿಗೆ ಹತ್ತಿದೆ. ಪಕ್ಕದ ಮಾಳಿಗೆಯಲ್ಲಿ ಆ ಮೂರು ಮಗ್ಗದ ಮನೆಯ ಗೃಹಿಣಿ ಒಣಗಿದ ಬಟ್ಟೆ ಮಡಚುತ್ತಿದ್ದರು. ಬೆಳಿಗ್ಗೆ ನಾವೆಲ್ಲ ಸೇರಿ ಅವರ ಗೋಡೆಗೆ ಫೋನು ಹಿಡಿದಿದ್ದನ್ನು ನೋಡಿದ್ದರಂತೆ, ಏನದು ಎಂದು ಕೇಳಿದರು. ನಾನು ಶಾವಿಗೆ ಡಬ್ಬಿಗೆ ತುಂಬುತ್ತಾ ಎಲ್ಲ ಹೇಳಿದೆ. ಆ ಯುನಿವರ್ಸಿಟಿಯವರು ಎಷ್ಟು ಸೋಸಿ ಸೋಸಿ ತೆಗೆದುಕೊಳ್ಳುತ್ತಾರೆ, ನಮ್ಮ ಹುಡುಗಿ ಅವರಿಗೆ ಹಿಡಿಸುತ್ತಾಳೋ ಇಲ್ಲವೋ ಎಂಬ ಅಳುಕನ್ನೂ ಹೇಳಿಕೊಂಡೆ. ಅವರು ಎಲ್ಲ ಕೇಳಿಸಿಕೊಂಡು, ಒಂದು ದುಪ್ಪಟಿಯನ್ನು ಗದ್ದಕ್ಕೆ ಒತ್ತಿಹಿಡಿದು ಮಡಚುತ್ತಾ ಅಂದರು:

‘ಅದಿರ್ಲಿ ವೈನಿ, ಆ ಯುನಿವರ್ಸಿಟಿ ಅಡ್ಡಿ ಇಲ್ಲೇನ್ರಿ?’