ಅಕ್ಕನ ಹೆಸರಿನ ಗಾಡಿ

ಅಥಣಿ ತಾಲೂಕಿನ ಸತ್ತಿಯಲ್ಲಿ ಯಾರಾದರೂ ಗಾಡಿ ಕೊಳ್ಳುವ ಮನಸ್ಸು ಮಾಡಿದರೆ ಷೋರೂಮಿಗಿಂತ ಮೊದಲು ಈಶ್ವರನ ಮನೆಗೆ ಹೋಗುತ್ತಿದ್ದರು. ಐದೆಕರೆ ಕಬ್ಬು, ಎರಡೆಕರೆ ದ್ರಾಕ್ಷಿ ಇರುವ, ನಲವತ್ತು ದಾಟಿದ ಈ ಗೃಹಸ್ಥನಿಗೆ ಊರಿನವರು ಇಟ್ಟ ಹೆಸರು ‘ರೇಟ್ ಈಶ್ವರ’. ಟ್ರ್ಯಾಕ್ಟರಿನ ಟೈರಿನಿಂದ ಮದುವೆಯ ಪೆಂಡಾಲಿನವರೆಗೆ ಯಾವುದು ಎಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂಬುದು ಅವನ ನಾಲಿಗೆಯ ತುದಿಯಲ್ಲಿತ್ತು. ಯಾರಾದರೂ ಏನಾದರೂ ಕೊಂಡು ತಂದರೆ ವಸ್ತುವನ್ನು ಸರಿಯಾಗಿ ನೋಡುವ ಮೊದಲೇ ‘ಎಷ್ಟಕ್ಕ ತಗೊಂಡಿ?’ ಎಂದು ಕೇಳುತ್ತಿದ್ದ. ಅವರು ಎಷ್ಟೇ ಹೇಳಲಿ, ‘ಮೋಸ ಹೋದಿ ಬಿಡು’ ಎಂದು ಅವರ ಸಂತೋಷಕ್ಕೆ ತಣ್ಣೀರು ಎರಚಿ ಬರುತ್ತಿದ್ದ. ಕೆಟ್ಟವನೇನಲ್ಲ. ತಾನೊಬ್ಬ ಮೋಸ ಹೋಗಬಾರದು ಎಂಬುದೇ ಅವನ ಬದುಕಿನ ದೊಡ್ಡ ಆಸೆ, ಅಷ್ಟೆ.

ಅಂಥವನು ಈಗ ಗಾಡಿಯ ರೇಟು ಕೇಳಲು ಬಂದವರಿಗೆ ‘ಷೋರೂಮಿನಾಗ ಕೇಳ್ರಿ’ ಎಂದು ಹೇಳಿ ಎದ್ದು ಹೊಲದ ಕಡೆ ನಡೆದುಬಿಡುತ್ತಾನೆ. ಅವನದೇ ಗಾಡಿಗೆ ಮೊದಲು ಮಹಾರಾಷ್ಟ್ರದ ನಂಬರಿತ್ತು. ವರ್ಷ ತುಂಬುವ ಮೊದಲೇ ಕರ್ನಾಟಕದ ಪೂರ್ತಿ ಟ್ಯಾಕ್ಸು ಕಟ್ಟಿ ಚಿಕ್ಕೋಡಿಯ ನಂಬರಿಗೆ ಪಾಸಿಂಗ್ ಮಾಡಿಸಿದ. ರೇಟ್ ಈಶ್ವರ ಎರಡೂ ಕಡೆ ಟ್ಯಾಕ್ಸ್ ಕಟ್ಟಿದನಂತೆ ಎಂದು ಚಹಾದಂಗಡಿಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ, ನಿಜ ಸಂಗತಿ ಗೊತ್ತಾಗುವುದಕ್ಕಿಂತ ಈ ನಗೆಯೇ ವಾಸಿ ಎಂದುಕೊಂಡ ಈಶ್ವರ.

ಗಾಡಿ ಕೊಂಡ ವರ್ಷ ದ್ರಾಕ್ಷಿಗೆ ಒಳ್ಳೆಯ ರೇಟು ಬಂದಿತ್ತು. ಸಣ್ಣದೊಂದು ಎಸ್‌ಯುವಿ ತೆಗೆದುಕೊಳ್ಳೋಣ ಎಂದು ಗಂಡ ಹೆಂಡತಿ ನಿಶ್ಚಯಿಸಿದರು. ಬೇರೆಯವರಾದರೆ ಎರಡು ಭಾನುವಾರದಲ್ಲಿ ಮುಗಿಸುವ ಕೆಲಸಕ್ಕೆ ಈಶ್ವರ ನಾಲ್ಕು ತಿಂಗಳು ತೆಗೆದುಕೊಂಡ. ಅಥಣಿ, ಚಿಕ್ಕೋಡಿ, ನಿಪ್ಪಾಣಿ, ಬೆಳಗಾವಿ, ಕೊಲ್ಹಾಪುರ ಎಲ್ಲ ಕಡೆ ಕೊಟೇಷನ್ ಬರೆಸಿಕೊಂಡು ಬಂದ. ಒಂದು ಕಡೆ ಮ್ಯಾಟು ಫ್ರೀ, ಇನ್ನೊಂದು ಕಡೆ ಇನ್ಶೂರೆನ್ಸಿನಲ್ಲಿ ರಿಯಾಯಿತಿ. ಬಾಡಿ ಒಂದೇ, ಇಂಜಿನ್ನೂ ಒಂದೇ, ಆದರೆ ಹೆಸರಿನ ಹಿಂದೆ ಒಂದೊಂದು ಅಕ್ಷರ ಅಂಟಿಸಿ ನಾಲ್ಕು ಥರ ಮಾಡಿ ಮಾರುತ್ತಿದ್ದರು. ಮೊದಲನೆಯದಕ್ಕೆ ಬರೀ ಸ್ಟೀರಿಂಗ್ ಕೊಟ್ಟಿದ್ದೇ ದೊಡ್ಡ ಉಪಕಾರ. ಎರಡನೆಯದಕ್ಕೆ ಟಚ್ ಸ್ಕ್ರೀನು, ಮೂರನೆಯದಕ್ಕೆ ಹಿಂದಿನ ಕ್ಯಾಮೆರಾ ಮತ್ತು ಅಲಾಯ್ ಚಕ್ರ. ನಾಲ್ಕನೆಯದಕ್ಕೆ ಮಾಳಿಗೆಯ ಬೆಳಕಿಂಡಿಯ ಹಾಗೆ ತೆರೆದುಕೊಳ್ಳುವ ಸನ್‌ರೂಫು. ಮೂರಕ್ಕೂ ನಾಲ್ಕಕ್ಕೂ ನಡುವೆ ಐವತ್ತೈದು ಸಾವಿರ.

ಈಶ್ವರನ ಜೀವ ಸಿಕ್ಕಿಬಿದ್ದದ್ದು ಆ ಐವತ್ತೈದು ಸಾವಿರದಲ್ಲಿ. ಪಕ್ಕದ ತೋಟದ ಬಾಳಾಸಾಬನ ಗಾಡಿಗೆ ಸನ್‌ರೂಫ್ ಇತ್ತು. ಅವನ ಮಕ್ಕಳು ಅದರಿಂದ ತಲೆ ಹೊರಗೆ ಹಾಕಿ ಊರೆಲ್ಲ ಕೂಗುತ್ತ ಹೋಗುವುದನ್ನು ಕಂಡಾಗೆಲ್ಲ ಇವನು ಕೊಟೇಷನ್ನಿನ ಕಾಗದ ತೆಗೆದು ನಾಲ್ಕನೆಯದರ ರೇಟನ್ನು ಮತ್ತೊಮ್ಮೆ ಓದುತ್ತಿದ್ದ.

‘ಮೂರನೇದ ಸಾಕ್ರಿ,’ ಎಂದಳು ಹೆಂಡತಿ ರೂಪಾಲಿ. ‘ದಿನಾ ಹೊಲದಾಗ ನಿಂತು ಮ್ಯಾಲ ನೋಡೂದ ಐತಿ. ಮತ್ತ ಗಾಡ್ಯಾಗ ಕುಂತೂ ಆಕಾಶಾನ ನೋಡಬೇಕೇನು?’

ಅವಳ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಈಶ್ವರನಿಗೆ ಅಷ್ಟರಲ್ಲಿ ಒಂದು ದಾರಿ ಹೊಳೆದಿತ್ತು. ಗಡಿಯ ಜನಕ್ಕೆ ಇದೆಲ್ಲ ಯಾರೂ ಕಲಿಸಬೇಕಿಲ್ಲ. ಆಚೆ ಮಹಾರಾಷ್ಟ್ರದ ಗಾಡಿಗಳು ಪೆಟ್ರೋಲು ತುಂಬಿಸಿಕೊಳ್ಳಲು ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಿ ಈಚೆ ಬರುತ್ತವೆ, ಗಾಡಿ ಪಾಸಿಂಗ್ ಮಾಡಿಸಲು ಈಚೆಯವರು ಆಚೆ ಹೋಗುತ್ತಾರೆ. ಅಲ್ಲಿ ಟ್ಯಾಕ್ಸು ಕಡಿಮೆ. ಲೆಕ್ಕ ಹಾಕಿ ನೋಡಿದರೆ ಉಳಿಯುವ ದುಡ್ಡು ಸನ್‌ರೂಫಿನ ದುಡ್ಡಿಗೆ ಸರಿಸಮ. ಅಂದರೆ ಸನ್‌ರೂಫು ಪುಕ್ಕಟೆ! ಬೇಕಾದದ್ದು ಆಚೆಯ ಒಂದು ಆಧಾರ್ ಕಾರ್ಡು, ಆಚೆಯ ಒಂದು ಸಹಿ.

ಅವನ ಅಕ್ಕ ಕಾಂಚನಳನ್ನು ಕೊಟ್ಟಿದ್ದು ಗಡಿಯಾಚೆಯ ಜತ್ತ ತಾಲೂಕಿನ ಒಂದು ಸಣ್ಣ ಊರಿಗೆ. ಗಂಡ ಸಮಾಧಾನನಿಗೆ ಎರಡೆಕರೆ ಖುಷ್ಕಿ ಭೂಮಿ, ಹದಿನೈದಿಪ್ಪತ್ತು ಆಡು. ತಗಡಿನ ಮನೆ. ಈಶ್ವರ ಕೇಳಿದ ಕೂಡಲೇ ಅಕ್ಕ ಒಪ್ಪಿಕೊಂಡಳು.

‘ನನಗೇನರ ಆಗತೈತೇನೋ ತಮ್ಮಾ?’ ಎಂದು ಒಮ್ಮೆ ಮಾತ್ರ ಕೇಳಿದಳು.

‘ನಿನಗೇನಾಗತೈತಿ ಅಕ್ಕಾ? ಬರೇ ಹೆಸರು. ಗಾಡಿ ನನ್ನ ಬಾಗಲಾಗ ಇರತೈತಿ, ಕಾಗದದಾಗ ನೀ ಇರ್ತಿ.’

ದಸರೆಯ ದಿನ ಕೊಲ್ಹಾಪುರದ ಷೋರೂಮಿಗೆ ಅಕ್ಕ ತನ್ನ ಮದುವೆಯ ಸೀರೆ ಉಟ್ಟು ಬಂದಿದ್ದಳು. ಅಲ್ಲಿಯವರಿಗೆ ಮಾಲೀಕರು ಅವಳೇ ತಾನೆ? ರಟ್ಟಿನ ದೊಡ್ಡ ಕೀಲಿಕೈಯನ್ನು ಅವಳ ಕೈಗೆ ಕೊಟ್ಟು, ಕೊರಳಿಗೆ ಹಾರ ಹಾಕಿ, ಗಾಡಿಯ ಮುಂದೆ ನಿಲ್ಲಿಸಿದರು. ಅವಳು ಎಲ್ಲಿ ನೋಡಬೇಕೋ ತಿಳಿಯದೆ ನಗುತ್ತ ನಿಂತಳು. ಒಂದು ಫೋಟೊ ಆಯಿತು. ಆಮೇಲೆ ಈಶ್ವರ ‘ಅಕ್ಕಾ, ಸ್ವಲ್ಪ ಬಾಜೂಕ ಸರಿ’ ಎಂದ. ಅವಳು ಸರಿದಳು. ಕೀಲಿಕೈ ಇವನ ಕೈಗೆ ಬಂತು, ಹೆಂಡತಿ ಮಕ್ಕಳು ಸುತ್ತ ನಿಂತರು, ಫೋಟೊ ಚೆನ್ನಾಗಿ ಬಂತು. ಒಂದು ಮೂಲೆಯಲ್ಲಿ ಅಕ್ಕನ ಸೀರೆಯ ಅಂಚು ಕಾಣುತ್ತಿತ್ತು. ಸ್ಟೇಟಸ್ ಹಾಕುವಾಗ ಅದನ್ನೂ ಕತ್ತರಿಸಿದ. ಅಕ್ಕನನ್ನು ಪೇಢೆಯ ಡಬ್ಬಿ ಕೊಟ್ಟು ಬಸ್ಸು ಹತ್ತಿಸಿದ.

ಆಮೇಲೆ ಒಂಬತ್ತು ತಿಂಗಳು ಅವನನ್ನು ಹಿಡಿಯುವವರಿರಲಿಲ್ಲ. ಯಾರು ಕೇಳಲಿ ಬಿಡಲಿ, ಯಾವ ಮಾಡೆಲು ಎಲ್ಲಿ ಎಷ್ಟು, ತಾನು ಹೇಗೆ ನಾಲ್ಕನೆಯದನ್ನು ಮೂರನೆಯದರ ರೇಟಿಗೆ ತಂದೆ ಎಂದು ಕೂರಿಸಿಕೊಂಡು ಹೇಳುತ್ತಿದ್ದ. ‘ತಲಿ ಬೇಕ್ರಿ ತಲಿ’ ಎಂದು ಹಣೆಗೆ ಬೆರಳು ಬಡಿದು ತೋರಿಸುತ್ತಿದ್ದ.

ನಾಗರ ಪಂಚಮಿ ಬಂತು. ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆದುಕೊಂಡು ಬರಬೇಕು. ಅಲ್ಲಿಯವರೆಗೆ ಬಸ್ಸಿನಲ್ಲೇ ಕರೆತರುತ್ತಿದ್ದ ಈಶ್ವರ ಈ ಸಲ ಗಾಡಿ ತೊಳೆದು ಒಬ್ಬನೇ ಹೊರಟ. ಗಾಡಿ ಯಾರ ಹೆಸರಿನಲ್ಲಿತ್ತೋ ಅವರ ಮನೆಯ ಮುಂದೆ ಹೋಗಿ ನಿಂತದ್ದು ಅದೇ ಮೊದಲು.

ಅಂಗಳದಲ್ಲಿ ಅಕ್ಕನ ಜೊತೆ ಅಂಗನವಾಡಿಯ ಸುಂದರಾಬಾಯಿ ಕುಳಿತಿದ್ದಳು. ಗಾಡಿ ನೋಡಿದವಳೇ ಚಪ್ಪಾಳೆ ತಟ್ಟಿದಳು.

‘ಅಂತೂ ಬಂತಲ್ಲವಾ ನಿನ್ನ ಗಾಡಿ! ನಾ ಏನ ಸರ್ಕಾರದಿಂದ ಸುಳ್ಳ ಯಾದಿ ಬಂದೈತೇನೋ ಅಂತ ಮಾಡಿದ್ನಿ.’

ಕಾಂಚನ ‘ಸುಂದರಕ್ಕಾ, ಚಹಾ ಕುಡೀತಿ ಏನು?’ ಎಂದು ಮಾತು ಬದಲಿಸಲು ನೋಡಿದಳು. ಸುಂದರಾಬಾಯಿ ಮಾತು ನಿಲ್ಲಿಸುವ ಪೈಕಿ ಅಲ್ಲ.

‘ಅಣ್ಣಾರ, ನೀವ ಏನು ಈಕಿ ತಮ್ಮ? ಹೆಂಗಸರ ಖಾತೆಕ್ಕ ತಿಂಗಳಾ ಒಂದೂವರಿ ಸಾವಿರ ಬೀಳತಿತ್ತಲ್ರಿ ಸರ್ಕಾರದ್ದು? ಮನ್ಯಾಗ ನಾಲ್ಕ ಚಕ್ರದ ಗಾಡಿ ಇದ್ರ ಅದು ಬಂದ್. ಫೆಬ್ರುವರ್ಯಾಗ ಗಾಡಿ ಇದ್ದವರ ಯಾದಿ ಬಂತು, ಅದರಾಗ ಈಕಿ ಹೆಸರ ಇತ್ತು, ಖರೇ ಏನಂತ ನಾ ಚೌಕಶಿಗೆ ಬಂದ್ನಿ. ತಗಡಿನ ಮನಿ, ಬಾಗಲಾಗ ಆಡು. ಗಾಡಿ ಎಲ್ಲಿ ಅಂತ ಕೇಳಿದ್ನಿ. ಓಣಿ ಮಂದಿ ಎಲ್ಲಾ ನಗಾಕತ್ತಿತು. “ನಿಂದಲ್ಲ, ಬ್ಯಾರೇದವ್ರು ನಿನ್ನ ಹೆಸರಿನ ಮ್ಯಾಲ ತಗೊಂಡಾರ ಅಂತ ಬರಕೊಡು, ಸಾಹೇಬ್ರಿಗೆ ಹೇಳಿ ನೋಡ್ತೀನಿ” ಅಂದ್ನಿ. ಒಲ್ಲೆ ಅಂದ್ಲು. “ನಂದ ಐತಿ, ತಮ್ಮನ ಊರಾಗ ನಿಲ್ಲಿಸೀನಿ, ಅಲ್ಲಿ ರಸ್ತಾ ಚೊಲೋ ಅದಾವು” ಅಂತ ಸಹಿ ಮಾಡಿ ಕೊಟ್ಲ ನೋಡ್ರಿ! ಆ ತಿಂಗಳಿಂದ್ಲೇ ರೊಕ್ಕ ನಿಂತು ಹೋತು.’

ಅವಳು ಅದನ್ನು ತಮಾಷೆಯೆಂದೇ ಹೇಳಿ ನಗುತ್ತ ಎದ್ದು ಹೋದಳು. ಓಣಿಯ ಹೆಣ್ಣುಮಕ್ಕಳು ಆಗಿನಿಂದ ಅಕ್ಕನನ್ನು ‘ಮಾಲಕೀಣ’ ಎಂದು ಕರೆಯುತ್ತಾರೆ ಎಂಬುದನ್ನೂ ಹೋಗುತ್ತ ಹೇಳಿ ಹೋದಳು.

ಈಶ್ವರನಿಗೆ ಭೂಮಿ ಬಾಯಿಬಿಟ್ಟರೆ ಒಳಗೆ ಇಳಿದುಬಿಡೋಣ ಎನಿಸಿತು. ಅಷ್ಟರಲ್ಲೂ ಅವನ ತಲೆ ತಾನಾಗಿಯೇ ಲೆಕ್ಕ ಹಾಕುತ್ತಿತ್ತು: ಫೆಬ್ರುವರಿಯಿಂದ ಆರು ತಿಂಗಳು, ಒಂಬತ್ತು ಸಾವಿರ. ಆ ತಲೆಯ ಮೇಲೆ ಅವನಿಗೇ ಹೇಸಿಕೆ ಬಂತು.

‘ಅಕ್ಕಾ, ಹೇಳಬಾರದೇನ ನನಗ?’

‘ಏನ ಹೇಳ್ಲಿ? ನಿನ್ನ ಗಾಡಿ ಅಂತ ಬರಕೊಟ್ರ ನಿನ್ನ ಮ್ಯಾಲ ಕೇಸ್ ಆಗತೈತಿ ಅಂದ್ರು. ಒಂದೂವರಿ ಸಾವಿರಕ್ಕ ತಮ್ಮನ್ನ ಸ್ಟೇಷನ್ನಿಗೆ ಕಳಸಲೇನು?’

ಸಮಾಧಾನ ಒಳಗಿನಿಂದ ಅವಳ ಚೀಲ ತಂದಿಟ್ಟ. ಬಡವನಾದರೂ ಹೆಸರಿಗೆ ತಕ್ಕ ಮನುಷ್ಯ. ಅವನು ಒಂದೇ ಮಾತು ಹೇಳಿದ: ‘ಆ ರೊಕ್ಕ ಬರಾಕ ಹತ್ತಿದ ಮ್ಯಾಲ ಡಾಕ್ಟರ್ ದಿನಾ ತಗೋ ಅಂದ ಗುಳಗಿ ತಪ್ಪಸ್ತಿರಲಿಲ್ಲಪಾ ಆಕಿ. ಈಗ ದಿನಾ ಬಿಟ್ಟ ದಿನಾ ನುಂಗ್ತಾಳ.’ ಬೈದಿದ್ದರೆ ಈಶ್ವರ ತಡೆದುಕೊಳ್ಳುತ್ತಿದ್ದ. ಅವನು ಬೈಯಲಿಲ್ಲ.

ಈಶ್ವರ ಜೇಬಿಗೆ ಕೈ ಹಾಕಿ ಇದ್ದ ನೋಟನ್ನೆಲ್ಲ ತೆಗೆದು ಅಕ್ಕನ ಕೈಗೆ ತುರುಕಲು ಹೋದ. ಅವಳು ಮೆಲ್ಲಗೆ ಅವನ ಕೈ ಮುಚ್ಚಿದಳು.

‘ಇದು ನೀ ಕೊಟ್ಟ ರೊಕ್ಕ ಆಗತೈತೋ. ಅದು ನನ್ನ ರೊಕ್ಕ ಇತ್ತು. ಹುಟ್ಟಿದಾಗಿಂದ ನಂದು ಅಂತ ಅದೊಂದ ಇತ್ತು.’

ಸಿಟ್ಟಿಲ್ಲದೆ ಹೇಳಿದ ಮಾತು. ಅವನು ನೋಟು ಜೇಬಿಗೆ ಹಾಕಿಕೊಂಡ. ಅಷ್ಟು ಭಾರದ ನೋಟನ್ನು ಅವನು ಯಾವತ್ತೂ ಜೇಬಿನಲ್ಲಿ ಇಟ್ಟುಕೊಂಡಿರಲಿಲ್ಲ.

ಗಾಡಿಯ ಮುಂದಿನ ಬಾಗಿಲು ತೆರೆದು ಹಿಡಿದ. ಅಕ್ಕ ಹಿಂದೆಯೇ ಕೂರುತ್ತೇನೆಂದಳು. ಹತ್ತುವ ಮೊದಲು ಚಪ್ಪಲಿ ಬಿಟ್ಟು, ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಳು.

‘ಕೆಳಗ ಇಡ ಅಕ್ಕಾ.’

‘ಹೊಲಸ ಆಗತೈತೋ. ಹೊಸಾ ಗಾಡಿ.’

ಆ ಗಾಡಿಯ ಡ್ಯಾಶ್‌ಬೋರ್ಡಿನೊಳಗಿನ ಕಾಗದದಲ್ಲಿ ಇದ್ದದ್ದು ಅವಳದೇ ಹೆಸರು. ಈಶ್ವರ ಕನ್ನಡಿಯಲ್ಲಿ ಆ ಚೀಲವನ್ನು ನೋಡಿದ. ಮುಂದೆ ರಸ್ತೆ ಮಸುಕಾಯಿತು. ನಾಚಿಕೆಗೆ ಅಳು ಬರುತ್ತದೆಂದು ಅವನಿಗೆ ನಲವತ್ತಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು. ನಾಳೆಯೇ ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಟ್ಯಾಕ್ಸು ಎಷ್ಟಾದರೂ ಆಗಲಿ ಎಂದುಕೊಂಡ. ಆದರೆ ಒಮ್ಮೆ ಹೊಡೆದು ಹಾಕಿದ ಅಕ್ಕನ ಹೆಸರು ಸರ್ಕಾರದ ದುಡ್ಡಿನ ಯಾದಿಗೆ ಮತ್ತೆ ಬರುತ್ತದೆಂದು ಹೇಳುವವರು ಯಾರು? ಈ ಮಾತು ಬರೆಯುವ ಹೊತ್ತಿಗೂ ಅದು ಬಂದಿಲ್ಲ.

ಗಡಿ ದಾಟಿದರು. ಶ್ರಾವಣದ ಜಡಿ ಮಳೆ ನಿಂತು, ಎರಡೂ ಬದಿಯ ಜೋಳ ಹಸಿರಾಗಿ ನಿಂತಿತ್ತು. ಹಿಂದಿನಿಂದ ಅಕ್ಕ ಕೇಳಿದಳು:

‘ಈಶ್ಯಾ, ಇದು ಮ್ಯಾಲ ತಗೀತೈತೆಂತಲ್ಲ? ಒಮ್ಮಿ ತಗಿಯೋ, ನೋಡ್ತೀನಿ.’

ಅವನು ಬಟನ್ ಒತ್ತಿದ. ಗಾಜು ಸರಿದು ತಂಪು ಗಾಳಿ ನುಗ್ಗಿತು. ಅಕ್ಕ ಹಾರುವ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕತ್ತೆತ್ತಿ ನೋಡಿ, ಸಣ್ಣ ಹುಡುಗಿಯ ಹಾಗೆ ನಕ್ಕಳು.

‘ಚೊಲೋ ಐತಿ. ಇದಕ್ಕ ಬ್ಯಾರೆ ರೊಕ್ಕಾ ಏನು?’

‘ಹೂಂ.’

‘ಎಷ್ಟ ಬಿತ್ತು?’

ಯಾರೂ ಕೇಳದಿದ್ದರೂ ರೇಟ್ ಈಶ್ವರ ಊರಿಗೆಲ್ಲ ಸಾರಿದ ಅಂಕಿ ಅದು. ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದ. ಹಿಂದೆ ತಿರುಗಿ ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ, ಸ್ಟೀರಿಂಗ್ ನೋಡುತ್ತಲೇ ಹೇಳಿದ:

‘ಅಕ್ಕಾ, ಇದರ ರೊಕ್ಕಾ ನಾ ಕೊಟ್ಟಿಲ್ಲ. ಟ್ಯಾಕ್ಸ್ ಉಳಿಸಿದ್ದು ಈ ಕಿಟಕಿ ಸಲವಾಗಿ. ಇದಕ್ಕ ರೊಕ್ಕಾ ಕೊಟ್ಟಾಕಿ ನೀ.’

ಮೋಡ ಮತ್ತೆ ಕವಿದು ಒಂದೆರಡು ಹನಿ ಸೀಟಿನ ಮೇಲೆ ಬಿತ್ತು. ಸೀಟು ಹಾಳಾಗುತ್ತದೆಂದು ಈಶ್ವರನ ಕೈ ಅಭ್ಯಾಸದಿಂದ ಬಟನ್ನಿನ ಕಡೆ ಹೋಯಿತು.

‘ಮುಚ್ಚಬ್ಯಾಡ,’ ಎಂದಳು ಕಾಂಚನ. ‘ಊರ ಮುಟ್ಟೂತನಾ ತಗದ ಇರ್ಲಿ.’

ಚಪ್ಪಲಿಯ ಚೀಲವನ್ನು ತೊಡೆಯಿಂದ ತೆಗೆದು ಕೆಳಗೆ ಮ್ಯಾಟಿನ ಮೇಲೆ ಇಟ್ಟಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಗಾಡಿ ಶುರು ಮಾಡಿದ. ಸತ್ತಿ ಮುಟ್ಟುವ ಹೊತ್ತಿಗೆ ಇಬ್ಬರೂ ತೋಯ್ದು ತೊಪ್ಪೆಯಾಗಿದ್ದರು.