ಹೊಳೆಮಣ್ಣೂರಿನ ಮನೆಗೆ ಗಜೇಂದ್ರಗಡದ ಕೀಲಿ

ಅಂಗಳದಲ್ಲಿ ಹರವಿದ ಮೆಣಸಿನಕಾಯಿಯೊಳಗೆ ಕೋಳಿ ಇಳಿದಿತ್ತು. ಹುಶ್ ಎಂದೆ. ಅದು ಕೆದರುತ್ತಲೇ ಇತ್ತು. ಕೈ ಬೀಸಿದೆ. ಮೊಣಕೈ ಮಂಚದ ಕಬ್ಬಿಣಕ್ಕೆ ಬಡಿದಾಗ ನೆನಪಾಯಿತು, ಕೋಳಿ ಇರುವುದು ಹೊಳೆಮಣ್ಣೂರಿನಲ್ಲಿ. ನಾನಿರುವುದು ಗಜೇಂದ್ರಗಡದಲ್ಲಿ, ಗುಡ್ಡದ ಬುಡದ ಬಾಡಿಗೆ ಮನೆಯಲ್ಲಿ, ಕೈಯಲ್ಲಿ ಫೋನು ಹಿಡಿದುಕೊಂಡು.

ಪಾರವ್ವ ಗಡದಲ್ಲಿ ಕುಳಿತು ಏನು ಮಾಡುತ್ತಾಳೆ ಎಂದು ನಮ್ಮೂರಿನಲ್ಲಿ ಕೇಳುವವರಿದ್ದಾರೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. ಅದಕ್ಕೆ ನಾನೇ ಬರೆಯುತ್ತೇನೆ.

ಎರಡನೆಯ ಸಲ ಹೊಳೆ ಮನೆಯೊಳಗೆ ಬಂದು ಹೋದ ಮೇಲೆ ನನ್ನ ಮೊಣಕಾಲು ಆ ಹಸಿ ನೆಲದಲ್ಲಿ ನಡೆಯಲಿಲ್ಲ. ಮಗಳು ಶಾಂತಾ ಇಲ್ಲಿಯ ದವಾಖಾನೆಯಲ್ಲಿ ನರ್ಸ್. ಬಾ ಎಂದಳು, ಬಂದೆ. ಮನೆಯನ್ನು ಗಂಗವ್ವನಿಗೆ ಬಿಟ್ಟೆ. ಗಂಗವ್ವ ನನ್ನ ಮೈದುನನ ಹೆಂಡತಿ. ನಲವತ್ತು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದಿದ್ದೇವೆ.

ಅಲ್ಲಿ ನೀರು ಮನೆಗೆ ಬರಬಾರದು ಎಂದು ಬೇಡಿಕೊಳ್ಳುತ್ತಿದ್ದೆವು. ಇಲ್ಲಿ ಬರಲಿ ಎಂದು ಕೊಡ ಹಿಡಿದು ಕಾಯುತ್ತೇವೆ. ನಲ್ಲಿ ಬರುವ ದಿನ ಓಣಿಯ ಎಲ್ಲರೂ ಎದ್ದಿರುತ್ತಾರೆ, ಬರದ ದಿನ ಯಾರ ಮುಖವೂ ಕಾಣುವುದಿಲ್ಲ. ಅಲ್ಲಿ ಕಣ್ಣು ಹಾಯಿಸಿದಷ್ಟು ಕರಿ ನೆಲ, ಸಪಾಟು. ಇಲ್ಲಿ ಕಣ್ಣು ಎತ್ತಿದರೆ ಗುಡ್ಡ ಅಡ್ಡ ಬರುತ್ತದೆ. ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ಸಾಲಾಗಿ ನಿಂತಿವೆ. ಮಧ್ಯಾಹ್ನ ಉಂಡು ಅಡ್ಡಾದಾಗ ಅವುಗಳನ್ನೇ ನೋಡುತ್ತೇನೆ. ಒಂದು ತಿರುಗುತ್ತದೆ, ಇನ್ನೊಂದು ನಿಲ್ಲುತ್ತದೆ. ಸದ್ದು ನನ್ನವರೆಗೆ ಬರುವುದಿಲ್ಲ. ನೋಡುತ್ತ ನೋಡುತ್ತ ಹೊಳೆಯ ಸುಳಿ ನೆನಪಾಗುತ್ತದೆ, ರೆಪ್ಪೆ ಭಾರವಾಗುತ್ತದೆ, ಗುಡ್ಡವೇ ನೀರಿನ ಮೇಲೆ ತೇಲಿದಂತೆ ಆಗುತ್ತದೆ.

ಮಾತು ಎರಡೂ ಕಡೆ ಒಂದೇ. ಇಲ್ಲಿ ಬಂದು ನಾನು ಹೊಸದಾಗಿ ಕಲಿತದ್ದು ಡಬ್ಬಿಯ ಮಾತು.

ಡಬ್ಬಿ ಅಂದರೆ ರೌಟರ್. ಹೊಳೆ ಏರಿದರೆ ತಿಳಿಯಲಿ ಎಂದು ಊರು ಬಿಡುವ ಮೊದಲು ಅಲ್ಲಿಯ ಮನೆಗೆ ನನ್ನ ಹೆಸರಿನಲ್ಲಿ ವೈಫೈ ಹಾಕಿಸಿದ್ದೆ. ಆ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ಫೋನಿನ ಮಾತೂ ಅದರ ಮೇಲೆಯೇ. ಪಡಸಾಲೆಯ ಕಂಬಕ್ಕೆ ಒಂದು ಕ್ಯಾಮೆರಾ. ಅದಕ್ಕೆ ಅಂಗಳ ಕಾಣುತ್ತದೆ, ಅಂಗಳದ ಆಚೆ ಹೊಳೆಗೆ ಇಳಿಯುವ ದಾರಿ ಕಾಣುತ್ತದೆ. ಇದನ್ನು ಇಲ್ಲಿಂದ ನೋಡುವುದು ಹೇಗೆ ಎಂದು ಕಲಿಸಿದವಳು ಮೇಲಿನ ಮನೆಯ ರಜಿಯಾ ಬಾಯಿ. ಅವಳು ಕಂಪ್ಯೂಟರ್ ಕಲಿಸುತ್ತಾಳೆ, ನಾನು ಅವಳಿಗೆ ಶೇಂಗಾ ಚಟ್ನಿ ಕೊಡುತ್ತೇನೆ.

ಪ್ರತಿ ಡಬ್ಬಿಗೂ ಒಂದು ಒಳಮನೆ ಇರುತ್ತದೆ. ಫೋನಿನಲ್ಲಿ ಅದರ ನಂಬರು ಒತ್ತಿದರೆ ಬಾಗಿಲು ಬರುತ್ತದೆ, ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಹೋದವರು ಅಡ್ಮಿನ್, ಅಂದರೆ ಆ ಮನೆಯ ಯಜಮಾನರು. ಯಾರ ಫೋನು ಕೂಡಿದೆ ಎಂದು ನೋಡಬಹುದು, ಬೇಡವಾದವರನ್ನು ಬ್ಲಾಕ್ ಮಾಡಬಹುದು, ಅಂದರೆ ಹೊರಗೆ ಹಾಕಬಹುದು. ಸಾಧಾರಣವಾಗಿ ಈ ಬಾಗಿಲು ಮನೆಯಲ್ಲಿ ಇದ್ದವರಿಗಷ್ಟೇ ತೆರೆಯುತ್ತದೆ. ರಿಮೋಟ್ ಎಂಬ ಕಡೆ ಆನ್ ಮಾಡಿಟ್ಟರೆ ದೂರದಲ್ಲಿದ್ದವರಿಗೂ ತೆರೆಯುತ್ತದೆ. ನಮ್ಮದನ್ನು ಆನ್ ಇಟ್ಟಿದ್ದೆವು. ಕ್ಯಾಮೆರಾದ ಚಿತ್ರ ನನಗೆ ಬರಬೇಕಾದರೂ ಅದು ಆನ್ ಇರಬೇಕಿತ್ತು.

ಮೂರನೆಯ ಇಯತ್ತೆ ಕಲಿತ ನನಗೆ ಇಂಗ್ಲಿಷ್ ಅಕ್ಷರ ಬಾರದು. ರಂಗೋಲಿ ಇಟ್ಟ ಹಾಗೆ ಆಕಾರ ನೋಡಿ ಒತ್ತಿದೆ. ಎಂಟು ದಿನಕ್ಕೆ ರಜಿಯಾ ಇಲ್ಲದೆ ಒಳಗೆ ಹೋದೆ. ಆ ದಿನ ಎರಡು ರೊಟ್ಟಿ ಹೆಚ್ಚು ಉಂಡೆ.

ಆಮೇಲೆ ನನಗೆ ಬೇರೆ ಕೆಲಸ ಉಳಿಯಲಿಲ್ಲ. ಹೊಳೆ ನೋಡಲು ಇಟ್ಟ ಕಣ್ಣು ಅಂಗಳದಲ್ಲೇ ನಿಂತಿತು. ಚಿತ್ರಕ್ಕೆ ಧ್ವನಿ ಇಲ್ಲ. ಗಂಗವ್ವ ನೀರೊಳಗೆ ನಡೆದವಳ ಹಾಗೆ ಬಂದು ಹೋಗುತ್ತಾಳೆ, ಎಮ್ಮೆ ಬಾಯಿ ತೆರೆಯುತ್ತದೆ, ಬಿಸಿಲು ಕಂಬದಿಂದ ಕಂಬಕ್ಕೆ ಸರಿಯುತ್ತದೆ. ನಾನು ಕೂಡಲೇ ಫೋನು ಹಚ್ಚುತ್ತಿದ್ದೆ. ಎಮ್ಮೆ ಕಣಕಿಯ ಬಣವೆಗೆ ಬಾಯಿ ಹಾಕಿದೆ. ನೀರಿನ ಕೊಡದ ಮುಚ್ಚಳ ತೆಗೆದಿದೆ. ಕಸ ಹೊಡೆದದ್ದು ಸರಿ ಇಲ್ಲ, ಮೂಲೆಯಲ್ಲಿ ಹಾಗೇ ಇದೆ.

ಶಾಂತಾ ಒಮ್ಮೆ ಕೇಳಿದಳು: "ಯವ್ವಾ, ನೀ ಇಲ್ಲಿ ಅದೀಯೋ ಅಲ್ಲಿ ಅದೀಯೋ?"

"ಅಲ್ಲೂ ಒಬ್ಬರು ನೋಡವ್ರು ಬೇಕಲಾ," ಎಂದೆ.

"ಅಲ್ಲಿ ನಾಕ ಮಂದಿ ಅದಾರ. ಇಲ್ಲಿ ನಾ ಒಬ್ಬಾಕಿ. ಹಾಲು ಉಕ್ಕಿ ಒಲಿ ತುಂಬೈತಿ, ನೋಡ್ ಬಾ."

ಒಂದು ದಿನ ಒಳಗೆ ಹೋಗಿ ನೋಡಿದೆ. ಕೂಡಿದ ಫೋನುಗಳ ಸಾಲಿನಲ್ಲಿ ಒಂದಕ್ಕೆ ಹೆಸರಿರಲಿಲ್ಲ, ಬರೀ ನಂಬರು. ಗಂಗವ್ವನದು ಗೊತ್ತು, ಅವಳ ಗಂಡನದು ಗೊತ್ತು, ಮಗನದು ಗೊತ್ತು. ಇದು ಗೋಡೆಯಾಚೆಯ ಯಾರೋ ನಮ್ಮದನ್ನು ಕದ್ದು ಬಳಸುವುದು ಎಂದುಕೊಂಡು ಬ್ಲಾಕ್ ಮಾಡಿದೆ. ಕಳ್ಳನನ್ನು ಹಿಡಿದ ಸಮಾಧಾನದಲ್ಲಿ ಮಲಗಿದೆ.

ನಾಲ್ಕು ದಿನಕ್ಕೆ ಗಂಗವ್ವನ ಫೋನು ಬಂತು. ಅವಳಾಗಿ ಫೋನು ಮಾಡಿ ಬಹಳ ದಿನವಾಗಿತ್ತು.

"ಯಕ್ಕಾ, ಕೊಣ್ಣೂರಿಂದ ಬೀಗರು ಬಂದು ಕುಂತಾರ."

"ಯಾಕ?"

"ನಮ್ಮ ಹುಡುಗಿ ಫೋನ್ ಕಸಗೊಂಡೀರೇನು ಅಂತ ಕೇಳಾಕತ್ಯಾರ. ನಾಕ ದಿನ ಆತಂತ, ಅವರವ್ವನ ಜೋಡಿ ಮಾತಿಲ್ಲಂತ. ಈಕಿ ನೋಡಿದ್ರ ಸಂಜಿಮುಂದ ಗುಡಿ ಕಟ್ಟಿ ಮ್ಯಾಲ ನಿಂತು ಸಿಗ್ನಲ್ ಹುಡುಕ್ತಾಳ. ಬಾಯಿ ಬಿಡವೊಲ್ಲಳು, ಬರೇ ಅಳತಾಳ. ನಾ ಆಕಿಗಿ ಉಣ್ಣು ಅಂದಿದ್ದು ಬಿಟ್ರ ಏನರ ಅಂದೇನೇನು?"

ರೇಣುಕಾ ಗಂಗವ್ವನ ಸೊಸೆ. ಮದುವೆಯಾಗಿ ಎರಡು ತಿಂಗಳು. ನಾನು ಬ್ಲಾಕ್ ಮಾಡಿದ ಹೆಸರಿಲ್ಲದ ಫೋನು ಅವಳದು. ಮದುವೆಯಲ್ಲಿ ಅವಳಿಗೆ ಅಕ್ಕಿಕಾಳು ಹಾಕಿದವಳು ನಾನು. ಆದರೆ ಆ ಮನೆಯಲ್ಲಿ ಯಾರಿದ್ದಾರೆ ಎಂದು ಎಣಿಸುವಾಗ ಅವಳು ನನಗೆ ಹೊಳೆದಿರಲಿಲ್ಲ. ನನ್ನ ಲೆಕ್ಕದ ಮನೆ ನಾನು ಬಿಟ್ಟ ದಿನವೇ ನಿಂತುಹೋಗಿತ್ತು.

ಇಲ್ಲಿಂದಲೇ ಸದ್ದಿಲ್ಲದೆ ಬ್ಲಾಕ್ ತೆಗೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಂಗವ್ವ ಮಾತ್ರ ಬೀಗರ ಕಣ್ಣಿನಲ್ಲಿ ಕೆಟ್ಟ ಅತ್ತೆಯಾಗಿ ಉಳಿಯುತ್ತಿದ್ದಳು. ಹುಡುಗಿಯ ಮನಸ್ಸಿನಲ್ಲಿಯೂ.

"ಗಂಗವ್ವಾ, ಫೋನ್ ಬೀಗರ ಕೈಯಾಗ ಕೊಡು," ಎಂದೆ.

ರೇಣುಕಾಳ ಅಪ್ಪ ಮಾತಾಡಿದರು. ನಾನು ಸುತ್ತಿ ಬಳಸಿ ಹೇಳಲಿಲ್ಲ. "ಬಂದ್ ಮಾಡಿದಾಕಿ ನಾನ್ರಿ. ಗಡದಾಗ ಕುಂತು ಮಾಡೀನಿ. ಅವರ್‍ಯಾರಿಗೂ ಗೊತ್ತಿಲ್ಲ. ನನ್ನ ತಪ್ಪು."

ಅವರು ನಕ್ಕರು. "ಹೌದ್ರಿ? ಹಂಗಾರ ನಾಳೆ ಅಲ್ಲಿಂದನ ದೀಪಾನೂ ಆರಸ್ತೀರೇನ್ರಿ ಅಕ್ಕಾರ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರು ಹೋದ ಮೇಲೆ ಗಂಗವ್ವ ಮತ್ತೆ ಹಚ್ಚಿದಳು. ಸಿಟ್ಟು ಇರಲಿಲ್ಲ, ದಣಿದಿದ್ದಳು. "ಯಕ್ಕಾ, ನೀ ಹ್ವಾದಿ ಅಂತ ನಾ ಅತ್ತಿದ್ದೆ. ನೀ ಹೋಗೇ ಇಲ್ಲ. ಇದ್ದಾಗ ಒಲಿಮುಂದ ಅಷ್ಟ ಇರ್ತಿದ್ದಿ. ಈಗ ಕಂಬಾ ಏರಿ ಕುಂತಿ. ಆರು ತಿಂಗಳಾತು, ನಾ ಅಂಗಳದಾಗ ಕುಂತು ತಲಿ ಬಾಚಿಲ್ಲ."

ಅದನ್ನು ನಾನು ನೋಡಿದ್ದೆ. ಇವಳಿಗೆ ಸೋಮಾರಿತನ ಹತ್ತಿತು ಎಂದುಕೊಂಡಿದ್ದೆ.

"ಹೊಳಿ ಏರಿದ್ರ?" ಎಂದೆ. ಉಳಿದದ್ದು ಅದೊಂದೇ ನೆಪ.

"ಹೊಳಿ ಏರಿದ್ರ ನೀ ಗಡದಾಗ ಕುಂತು ಇಳಸ್ತೀಯೇನು? ನಾ ಹೇಳ್ತೀನಿ. ಹೇಳಾಕ ನನಗ ಬಾಯಿ ಐತಿ."

ರೇಣುಕಾಳ ಫೋನಿನ ಬ್ಲಾಕ್ ಕೂಡಲೇ ತೆಗೆದೆ. ಕಂಬದ ಕ್ಯಾಮೆರಾ ತೆಗೆಸು ಎಂದು ಗಂಗವ್ವನಿಗೆ ಹೇಳಿದೆ. ಇನ್ನು ರಿಮೋಟ್ ಆಫ್ ಮಾಡಬೇಕು. ಎರಡು ದಿನ ಮಾಡಲಿಲ್ಲ. ಆ ಪುಟಕ್ಕೆ ಹೋಗುವುದು, ನೋಡುವುದು, ತಿರುಗಿ ಬರುವುದು. ಮೂರನೆಯ ದಿನ ರಜಿಯಾಳನ್ನು ಕೆಳಗೆ ಕರೆದೆ.

ಅವಳು ಹೇಳಿದಳು: "ಪಾರವ್ವಾರ, ಒಂದು ತಿಳ್ಕೊಳ್ರಿ. ಇಲ್ಲಿಂದ ಬಂದ್ ಮಾಡಿದ್ರ ಇಲ್ಲಿಂದ ಮತ್ತ ತಗಿಯಾಕ ಬರಂಗಿಲ್ಲ. ಆ ಮನಿಯಾಗ ಇದ್ದವ್ರ ತಗೀಬೇಕು."

"ಇಲ್ಲೀತನಕ ತೆರೆದಿತ್ತಲಾ, ನನ್ನಂಗ ಬ್ಯಾರೆಯವ್ರೂ ಬರ್ತಿದ್ರೇನು?"

"ಪಾಸ್‌ವರ್ಡ್ ಸಿಕ್ಕಿದ್ರ ಯಾರರ ಬರಬಹುದಿತ್ತು. ನಾ ಮೊದಲೇ ಹೇಳಿದ್ದೆ, ನೀವು ಕಿವ್ಯಾಗ ಹಾಕ್ಕೊಳ್ಳಿಲ್ಲ."

ರೇಣುಕಾಳಿಗೆ ಫೋನು ಮಾಡಿ ಒಳಮನೆಯ ಪಾಸ್‌ವರ್ಡ್ ಹೇಳಿದೆ. ರಜಿಯಾ ಒಂದೊಂದೇ ಅಕ್ಷರ ಹೇಳಿದಳು, ಹುಡುಗಿ ಅಲ್ಲಿ ಬರೆದುಕೊಂಡಳು. "ನಾಳಿಂದ ಇದರ ಯಜಮಾನ್ತಿ ನೀನ. ಎರಡೂ ಪಾಸ್‌ವರ್ಡ್ ಬದಲಿ ಮಾಡ್ಕೋ, ಡಬ್ಬಿದೂ ವೈಫೈದೂ. ನನಗ ಹೇಳಬ್ಯಾಡ," ಎಂದೆ.

"ಹೂನ್ರಿ ದೊಡ್ಡತ್ತಿ," ಎಂದಳು. ಹೆದರಿ ಅಂದಳೋ ಖುಷಿಯಿಂದ ಅಂದಳೋ ತಿಳಿಯಲಿಲ್ಲ.

ಬಂದ್ ಮಾಡುವ ಮೊದಲು ಒಮ್ಮೆ ಚಿತ್ರ ನೋಡಿದೆ. ಕ್ಯಾಮೆರಾ ಇನ್ನೂ ಕಂಬದಲ್ಲಿಯೇ ಇತ್ತು. ಮಧ್ಯಾಹ್ನದ ಅಂಗಳ ಖಾಲಿ. ಹೊಳೆಯ ದಾರಿಯ ಮೇಲೆ ಬಿಸಿಲು ನೀರಿನ ಹಾಗೆ ನಡುಗುತ್ತಿತ್ತು. ಯಾರಾದರೂ ಬರಲಿ ಎಂದು ಕಾದೆ. ಯಾರೂ ಬರಲಿಲ್ಲ. ರಿಮೋಟ್ ಆಫ್ ಮಾಡಿ ಸೇವ್ ಒತ್ತಿದೆ. ಸಣ್ಣದೊಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಪುಟ ಬೆಳ್ಳಗಾಯಿತು. ಮತ್ತೆ ನಂಬರು ಒತ್ತಿದೆ, ಬಾಗಿಲು ಬರಲಿಲ್ಲ. ರಜಿಯಾ ಚಟ್ನಿಯ ಡಬ್ಬಿ ತೆಗೆದುಕೊಂಡು ಮೇಲೆ ಹೋದಳು.

ಎಳ್ಳಮವಾಸ್ಯೆಗೆ ಊರಿಗೆ ಹೋಗಿದ್ದೆ. ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಉಂಡು ಮನೆಗೆ ಬಂದಾಗ ಗಂಗವ್ವ ಅಂಗಳದಲ್ಲಿ ಕಾಲು ಚಾಚಿ ಕುಳಿತು ಕೂದಲು ಬಿಚ್ಚಿದಳು. ನಾನು ಪಡಸಾಲೆಯಲ್ಲಿ ಕುಳಿತು, ಊರು ಮುಟ್ಟಿದ್ದು ತಿಳಿಸಲು ಶಾಂತಾಳಿಗೆ ಫೋನು ಮಾಡಲು ನೋಡಿದೆ. ಫೋನು ವೈಫೈ ಪಾಸ್‌ವರ್ಡ್ ಕೇಳಿತು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅಲ್ಲಿ ನಾನು ಯಾರನ್ನೂ ಏನನ್ನೂ ಕೇಳಿ ಪಡೆದಿರಲಿಲ್ಲ.

"ರೇಣುಕಾ, ಇದೇನೋ ಕೇಳಾಕತ್ತೈತಿ ನೋಡವಾ."

ಹುಡುಗಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಫೋನು ತೆಗೆದುಕೊಂಡು, ನನಗೆ ಬೆನ್ನು ಮಾಡಿ ನಿಂತು ಒತ್ತಿದಳು. ತಿರುಗಿ ಕೈಗೆ ಕೊಟ್ಟಳು. ಏನೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. "ಚಾ ಇಡ್ಲೇನ್ರಿ ದೊಡ್ಡತ್ತಿ? ಎಷ್ಟ ದಿನಾ ಇರ್ತೀರಿ?" ಎಂದಳು. ಆ ಮನೆಯಲ್ಲಿ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ನಾಳೆ ಹೊಂಡ್ತೀನಿ," ಎಂದೆ.

ಮರುದಿನ ಬಸ್ಸಿಳಿದು ಗಡದ ಓಣಿ ಏರಿದೆ. ಶಾಂತಾಳ ಹೊಸ್ತಿಲು ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಕೈಯಲ್ಲಿದ್ದ ಫೋನು ಯಾರನ್ನೂ ಕೇಳದೆ ಆ ಮನೆಯ ವೈಫೈಗೆ ತಾನೇ ಕೂಡಿಕೊಂಡಿತು. ನಾನು ಚಪ್ಪಲಿ ಬಿಟ್ಟು, ಗಂಟು ಪಕ್ಕಕ್ಕಿಟ್ಟು, ಸ್ವಲ್ಪ ಹೊತ್ತು ಕಟ್ಟೆಯ ಮೇಲೆಯೇ ಕುಳಿತೆ.