ಮಾಲ್ಯವಂತ ಗುಡ್ಡದ ಮೇಲೆ ಕಟ್ಟಿದ ಮನೆ

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸಪೇಟೆಗೆ ಅಂಟಿದ ಚಿತ್ತವಾಡ್ಗಿಯ ನಮ್ಮ ಪುಟ್ಟ ಮನೆಯಲ್ಲಿ ನಮ್ಮಿಬ್ಬರಿಗೆ ಸಿಕ್ಕಿದ್ದು ದೇವರ ಕೋಣೆ. ದೇವರು ಮೊದಲಿನಿಂದ ಇದ್ದವರು, ನಾವು ಆಮೇಲೆ ಬಂದವರು. ಹಾಗಾಗಿ ಬೆಳಕು ಹರಿಯುವ ಮೊದಲೇ ಅವ್ವ ಪೂಜೆಗೆಂದು ಬಾಗಿಲು ಬಡಿಯುತ್ತಿದ್ದಳು. ನಾವು ಹಾಸಿಗೆ ಸುತ್ತಿಕೊಂಡು, ದೇವರ ಕಣ್ಣು ತಪ್ಪಿಸಿ, ಕಳ್ಳರ ಹಾಗೆ ಹೊರಗೆ ಓಡುತ್ತಿದ್ದೆವು.

ಒಂದು ಸಂಜೆ ಬಟ್ಟೆ ಮಡಚುತ್ತಾ ಹೆಂಡತಿ ಕೇಳಿದಳು: “ರೀ, ಇಲ್ಲೇ ಓಣ್ಯಾಗ ಬ್ಯಾರೆ ಒಂದು ಸಣ್ಣ ಮನಿ ನೋಡೋಣೇನ್ರಿ?”

ಹೂಂ ಅನ್ನಬೇಕಿತ್ತು, ಇಲ್ಲವೇ ಊಹೂಂ ಅನ್ನಬೇಕಿತ್ತು. ನಾನು, “ಹಂಪ್ಯಾಗ ಭಾಳ ಮನಿ ಖಾಲಿ ಅದಾವ ನೋಡು” ಅಂದೆ. ಅವಳು ನಗಲಿಲ್ಲ. ಮರುದಿನವೂ ನಗಲಿಲ್ಲ.

ಅವ್ವನ ಮುಂದೆ ಆ ಮಾತು ಎತ್ತುವುದಕ್ಕಿಂತ ಹಂಪಿ ಸುತ್ತುವುದೇ ನನಗೆ ಸುಲಭ. ಹೆಂಡತಿ ಆ ಮಾತು ಮರೆಯಲೆಂದು ಭಾನುವಾರ ಬೈಕು ಹೊರಡಿಸಿದೆ.

“ಕಲ್ಲಿನ ರಥ ಎಲ್ಲಾರೂ ನೋಡ್ತಾರ. ನಿನಗ ಯಾರೂ ನೋಡದ ಹಂಪಿ ತೋರಸ್ತೀನಿ, ಹತ್ತು.”

“ಹಾದಿ ಗೊತ್ತೈತೇನ್ರಿ?”

“ಹುಟ್ಟಿದ್ದ ಹಂಪ್ಯಾಗ!”

ಹುಟ್ಟಿದ್ದು ಹೊಸಪೇಟೆಯ ಆಸ್ಪತ್ರೆಯಲ್ಲಿ. ಹಂಪಿಗೆ ಹೋಗುತ್ತಿದ್ದುದು ನೆಂಟರು ಬಂದಾಗ ಮಾತ್ರ, ಅದೂ ಅವರ ಚಪ್ಪಲಿ ಕಾಯಲು.

ಕಮಲಾಪುರ ದಾಟಿ ಬಾಳೆತೋಟದೊಳಗೆ ಬೈಕು ನುಗ್ಗಿಸಿದೆ. ಬಾಳೆ ಎಲೆಗಳು ಎರಡೂ ಕೆನ್ನೆಗೆ ಸರಿಸಮನಾಗಿ ಬಾರಿಸಿದವು. ಕೊನೆಗೆ ಕಾಲುವೆ ದಂಡೆಯಲ್ಲಿ ಒಂದು ಚಪ್ಪಟೆ ಕಲ್ಲು ಕಂಡಿತು. ಇಳಿದು ಕೈಮುಗಿದೆ. ಇದು ರಾಣಿಯ ಪೀಠ, ಯುದ್ಧಕ್ಕೆ ಹೋದ ರಾಜನ ಹಾದಿಯನ್ನು ಇಲ್ಲೇ ಕೂತು ಕಾಯುತ್ತಿದ್ದಳು ಎಂದು ಶುರುಮಾಡಿದೆ. ರಾಣಿಯ ಗೋಳು ಹೇಳುತ್ತಾ ಹೇಳುತ್ತಾ ನನ್ನ ಕಣ್ಣೇ ತುಂಬಿ ಬಂತು.

“ಪಾಪ, ರಾಣಿ ಸಾಬಣ ಬಿಟ್ಟು ಹೋಗ್ಯಾಳ” ಅಂದಳು ಹೆಂಡತಿ.

ಬಟ್ಟೆ ಒಗೆಯುವ ಕಲ್ಲದು. ಮೂಲೆಯಲ್ಲಿ ನೀಲಿ ಸಾಬೂನಿನ ಚೂರು ಅಂಟಿಕೊಂಡಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸದ್ಯ, ಮನೆಯ ಮಾತು ಮರೆತಳು ಅಂದುಕೊಂಡೆ.

ಅದೇ ಹುರುಪಿನಲ್ಲಿ ಕಂಪ್ಲಿ ರಸ್ತೆಗೆ ಬಂದು ಮಾಲ್ಯವಂತ ಗುಡ್ಡ ಹತ್ತಿಸಿದೆ. ಗುಡಿಯ ಹಿಂದಿನ ಬಂಡೆಗಳ ಮೇಲೆ ಎಲ್ಲಿ ನೋಡಿದರೂ ಕಲ್ಲಿನ ಮೇಲೆ ಕಲ್ಲಿಟ್ಟ ಪುಟ್ಟ ಪುಟ್ಟ ರಾಶಿಗಳು. ಮನೆ ಆಗಲೆಂದು ಬೇಡಿಕೊಳ್ಳುವವರು ಇಲ್ಲಿ ಹೀಗೆ ಕಲ್ಲು ಜೋಡಿಸಿ ಹೋಗುತ್ತಾರೆ. ಅದು ನನಗೆ ಮೊದಲೇ ಗೊತ್ತಿತ್ತು, ಹುರುಪಿನಲ್ಲಿ ಮರೆತಿದ್ದೆ. ಮನೆಯ ಮಾತು ತಪ್ಪಿಸಲು ಹೊರಟವನು ಹೆಂಡತಿಯನ್ನು ನೇರ ಮನೆಗಳ ಮಧ್ಯೆಯೇ ತಂದು ನಿಲ್ಲಿಸಿದ್ದೆ!

ಅವಳು ಒಂದೊಂದೇ ರಾಶಿಯನ್ನು ಬಗ್ಗಿ ನೋಡತೊಡಗಿದಳು. ನಾನು ಗಡಿಬಿಡಿಯಿಂದ ಫೋನ್ ತೆಗೆದು, “ಫೋಟೋ, ಫೋಟೋ” ಎನ್ನುತ್ತಾ ಹಿಂದಕ್ಕೆ ಸರಿದೆ. ಹಿಮ್ಮಡಿಗೆ ಏನೋ ತಾಗಿ ದಡದಡ ಉರುಳಿತು.

“ಅಯ್ಯ! ಯಾರ ಮನೀನೋ ಏನೋ, ಕೆಡವಿಬಿಟ್ರಲ್ರಿ!”

“ಅಕ್ರಮ ಕಟ್ಟಡ ಇತ್ತು, ತೆರವು ಮಾಡಿದೆ.”

“ನಗಬ್ಯಾಡ್ರಿ. ಕುಂದ್ರಿ ಇಲ್ಲೆ.”

ಕೂತೆ. ಅವಳು ಚೆದುರಿದ ಕಲ್ಲುಗಳನ್ನು ಆರಿಸಿ ಮಣ್ಣು ಒರೆಸಿದಳು. ನಾನು ಒಂದೊಂದೇ ಕೊಡುತ್ತಾ ಹೋದೆ.

“ಅದಲ್ಲ, ದೊಡ್ಡದು ಕೊಡ್ರಿ. ಅವರು ಎಷ್ಟು ಆಸೆಪಟ್ಟು ಇಟ್ಟಿದ್ರೋ.”

ಕಟ್ಟಿ ಮುಗಿಸಿ, ಗುರುತು ಪರಿಚಯವಿಲ್ಲದ ಆ ಜನರಿಗಾಗಿ ಕಣ್ಣು ಮುಚ್ಚಿ ಕೈಮುಗಿದಳು. ಆಮೇಲೆ ಪಕ್ಕದಲ್ಲೇ ಇನ್ನೊಂದು ಕಟ್ಟಿದಳು. ಅದಕ್ಕೆ ಆತುಕೊಂಡ ಹಾಗೆ ಮತ್ತೊಂದು.

“ಎರಡ್ಯಾಕ? ಒಂದು ಬಾಡಿಗಿ ಕೊಡಾಕೇನು?”

“ಇದು ನಮ್ದು. ಬಾಜೂಕಿಂದು ಅತ್ತೀದು.” ತಲೆ ಎತ್ತದೆ ಹೇಳಿದಳು. “ಬಾಗಲಾ ತೆಗದ್ರ ಅವ್ರಿಗೆ ನಾವು ಕಾಣಬೇಕು. ನಿಮ್ಮನ್ನ ದೂರ ಒಯ್ಯಾಕ ಹತ್ತಿಲ್ರಿ ನಾನು. ಮುಂಜಾನಿ ಎದ್ದು ತಲಿ ಬಾಚ್ಕೊಳ್ಳೋಮಟ ಮುಚ್ಚಾಕ ಒಂದು ಬಾಗಲಾ ಬೇಕು. ಅಷ್ಟ.”

ಅವಳ ಬೆರಳಿಗೆ ಅಂಟಿದ್ದ ಮಣ್ಣನ್ನು ನನ್ನ ಅಂಗಿಯ ತುದಿಯಿಂದ ಒರೆಸಿದೆ.

“ಅವ್ವಗ ನಾನ ಹೇಳ್ತೀನಿ. ಇವತ್ತ.”

“ನಗಿಸಲಾರದ ಹೇಳ್ರಿ.”

ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಬೈಕಿನಿಂದ ಇಳಿದವನೇ, ಹೆಲ್ಮೆಟ್ಟನ್ನೂ ತೆಗೆಯದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಆರಾಮ ಅದಿಯೇನಲೇ? ನೆಟ್ಟಗ ಮಾತಾಡಾಕ ಹತ್ತೀ” ಅಂದಳು ಅವ್ವ. ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಅರ್ಧಕ್ಕೇ ಬಿಟ್ಟಳು. ನನ್ನ ಹಿಂದೆ ಹೆಂಡತಿ ಬೈಕಿನ ಪಕ್ಕದಲ್ಲೇ ನಿಂತಿದ್ದಳು.

ಅವ್ವ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ನನಗಲ್ಲ.

“ಬಾರವ್ವಾ, ಕುಂದ್ರು. ಓಣಿ ಮೂಲ್ಯಾಗ ಒಂದು ಮನಿ ಖಾಲಿ ಐತಿ, ಅದು ಬ್ಯಾಡ, ಅಲ್ಲಿ ನೀರು ಬರೂದಿಲ್ಲ. ನಾಳೆ ನಾವಿಬ್ರೂ ಹೋಗಿ ಬ್ಯಾರೆ ನೋಡಿ ಬರೋಣು.”